ಕೈ ಕಚ್ಚಿಕೊಳ್ಳುವ ಮಗು: ಬಹುಮಾನಕ್ಕೆ ಮೊದಲು ಲೆಕ್ಕ

ಕೈ ಬೀಸುವುದು, ತೂಗಾಡುವುದು, ಗುನುಗುವುದು, ಇವನ್ನು ನಾನು ನಿಲ್ಲಿಸಲು ಹೋಗುವುದಿಲ್ಲ. ಆಟಿಸಂ ಇರುವ ಮಗುವಿಗೆ ಅದರಿಂದ ಸಮಾಧಾನ ಸಿಗುತ್ತದೆ, ಯಾರಿಗೂ ನೋವಿಲ್ಲ. ಮಣಿಕಟ್ಟು ಕಚ್ಚಿ ಕಚ್ಚಿ ಚರ್ಮ ಜಡ್ಡುಗಟ್ಟಿದ್ದರೆ ಮಾತು ಬೇರೆ. ಆಗಲೂ ಮೊದಲು ಹಲ್ಲು, ಒಸಡು, ಕಿವಿಯನ್ನು ಡಾಕ್ಟರಿಗೆ ತೋರಿಸಲು ಹೇಳುತ್ತೇನೆ.

ಆಮೇಲೆ ಮೂರು ದಿನ ಏನನ್ನೂ ಬದಲಿಸದೆ ಬರೆದಿಡುವುದು: ಕಚ್ಚುವ ಮುಂಚೆ ಏನಾಯಿತು, ಕಚ್ಚಿದ ಮೇಲೆ ಯಾರು ಏನು ಮಾಡಿದರು. ಪೆನ್ಸಿಲ್ ಕೈಗಿಟ್ಟ ಕೂಡಲೇ ಕಚ್ಚಿದರೆ ಬರೆಯುವುದನ್ನು ತಪ್ಪಿಸಿಕೊಳ್ಳಲು. ಅಂಥವನಿಗೆ ‘ಸಾಕು’ ಕಾರ್ಡ್ ಕೊಡುವುದನ್ನು ಕಲಿಸಬೇಕು, ಕೊಟ್ಟ ಕ್ಷಣವೇ ಒಂದು ನಿಮಿಷ ಬಿಡುವು. ಕಚ್ಚಿದಾಗಲೆಲ್ಲ ಅಜ್ಜಿ ಬಿಸ್ಕತ್ತು ಕೊಟ್ಟು ಸುಮ್ಮನಿರಿಸುತ್ತಿದ್ದರೆ ಬಿಸ್ಕತ್ತಿಗಾಗಿ. ಒಬ್ಬನೇ ಇದ್ದಾಗಲೂ ಅಷ್ಟೇ ಕಚ್ಚಿದರೆ ಆ ಒತ್ತಡವೇ ಅವನಿಗೆ ಬೇಕು, ಅಗಿಯುವ ಸಿಲಿಕೋನ್ ಟ್ಯೂಬು ಸದಾ ಕೈಗೆ ಸಿಗುವಂತಿರಲಿ. ಕಾರಣ ತಪ್ಪಾಗಿ ಹಿಡಿದರೆ ಯಾವ ಬಹುಮಾನವೂ ನಾಟುವುದಿಲ್ಲ.

ಇನ್ನು ಟೈಮರ್: ಅದು ಮುಗಿಯುವವರೆಗೆ ಕಚ್ಚದಿದ್ದರೆ ಬಹುಮಾನ. 10 ನಿಮಿಷದಲ್ಲಿ 20 ಸಲ ಕಚ್ಚಿದರೆ ಸರಾಸರಿ 30 ಸೆಕೆಂಡಿಗೊಮ್ಮೆ ಆಯಿತು. ಟೈಮರನ್ನು ಅದಕ್ಕಿಂತ ಕಡಿಮೆ, 20 ಸೆಕೆಂಡಿಗೆ ಇಡುತ್ತೇನೆ, ಗೆಲ್ಲುವುದು ಸುಲಭವಾಗಬೇಕು. ಕಚ್ಚದೆ ಬೆಲ್ ಆದರೆ ಎರಡು ಸೆಕೆಂಡಿನೊಳಗೆ ಬಹುಮಾನ. ಕಚ್ಚಿದರೆ ಗದರದೆ, ಮುಖಭಾವ ಬದಲಿಸದೆ ಟೈಮರ್ ಮತ್ತೆ ಮೊದಲಿನಿಂದ.

ಬಹುಮಾನವನ್ನು ಮಗುವೇ ಆರಿಸಲಿ: ನಾಲ್ಕೈದು ವಸ್ತು ಎದುರಿಗಿಟ್ಟು ಮೊದಲು ಯಾವುದಕ್ಕೆ ಕೈ ಚಾಚುತ್ತಾನೆ ನೋಡಿ. ಮಂಡಕ್ಕಿಯಾದರೆ ಎರಡೇ ಕಾಳು, ಸೋಪಿನ ಗುಳ್ಳೆಯಾದರೆ ಒಂದೇ ಊದು. ಹೊಟ್ಟೆ ತುಂಬಿದವನಿಗೆ ಮಂಡಕ್ಕಿ ಬೇಡ, ಊಟಕ್ಕೆ ಮುಂಚೆ ಕೂರಿಸಿ.

ಹೆಚ್ಚಿನವರು ಎಡವುವುದು ಇಲ್ಲಿ: ಬೆಲ್ ಆಗುವಾಗ ಕೈ ಬಾಯಿಯತ್ತ ಏರುತ್ತಿರುತ್ತದೆ, ಕಚ್ಚಿಲ್ಲವಲ್ಲ ಎಂದು ಕೊಟ್ಟುಬಿಡುತ್ತಾರೆ. ಬಹುಮಾನ ಸಿಕ್ಕಿದ್ದು ಏರಿದ ಕೈಗೆ! ಕೈ ಕೆಳಗಿಳಿದು ಮೂರು ಸೆಕೆಂಡ್ ನಿಂತ ಮೇಲೆ ಕೊಡಿ.

ಬಿಸ್ಕತ್ತು ನಿಲ್ಲಿಸಿದ ಮೊದಲ ದಿನಗಳಲ್ಲಿ ಕಚ್ಚುವುದು ಜಾಸ್ತಿಯಾಗಬಹುದು. ಐದನೇ ಸಲಕ್ಕೆ ಮನಸ್ಸು ಕರಗಿ ಕೊಟ್ಟರೆ, ಇನ್ನೂ ಜೋರಾಗಿ ಕಚ್ಚಬೇಕೆಂದು ಕಲಿಸಿದಂತೆ. ರಕ್ತ ಬರುವಷ್ಟಿದ್ದರೆ ಮನೆಯವರೇ ಶುರುಮಾಡಬೇಡಿ, ಥೆರಪಿಸ್ಟ್ ಜೊತೆಗಿರಲಿ.

10 ಸಲ ಟೈಮರ್ ಇಟ್ಟಾಗ 8 ಸಲ ಗೆದ್ದು, ಹಾಗೇ ಮೂರು ಸಲ ಕೂತಾದ ಮೇಲೆ 25 ಸೆಕೆಂಡ್, ಆಮೇಲೆ 30, 40. ಎರಡು ಸಲ ಸತತವಾಗಿ ಕೆಟ್ಟರೆ ಒಂದು ಮೆಟ್ಟಿಲು ಹಿಂದಕ್ಕೆ.