ಬಚ್ಚಲ ಒಲೆಯ ಬೂದಿ: ತೆಗೆಯುವುದು ಹೇಗೆ, ಹಾಕುವುದು ಎಲ್ಲಿಗೆ?

ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು. ಆದರೂ ಉಡುಪಿ, ಮಂಗಳೂರು ಕಡೆ ನಾಲ್ಕು ತೆಂಗಿನ ಮರ ಇರುವ ಎಷ್ಟೋ ಮನೆಗಳಲ್ಲಿ ಬಚ್ಚಲ ಒಲೆ ಇನ್ನೂ ಉರಿಯುತ್ತಿದೆ. ಉರಿಸಲು ಬೇಕಾದದ್ದೆಲ್ಲ ಹಿತ್ತಿಲಲ್ಲೇ ಬಿದ್ದಿರುತ್ತದೆ. ಮಡಲು, ಕೊತ್ತಳಿಗೆ, ತೆಂಗಿನ ಸಿಪ್ಪೆ, ಗೆರಟೆ, ಅಡಿಕೆ ಹಾಳೆ. ಹಂಡೆ ತುಂಬ ಬಿಸಿನೀರು ಸಿಗುತ್ತದೆ, ಕರೆಂಟ್ ಬಿಲ್ಲೂ ಏರುವುದಿಲ್ಲ. ಕೊನೆಗೆ ಉಳಿಯುವುದು ಬೂದಿ. ಒಲೆ ಹೊತ್ತಿಸುವಾಗ ನಮಗಿರುವ ಎಚ್ಚರ ಆ ಬೂದಿ ತೆಗೆಯುವಾಗ ಇರುವುದಿಲ್ಲ. ಉರಿ ಕಾಣುವುದಿಲ್ಲವಲ್ಲ, ಅದಕ್ಕೆ. ಹಾಗೆಯೇ ಅದು ಕಸ ಎಂದುಕೊಂಡು ಎಲ್ಲೆಂದರಲ್ಲಿ ಸುರಿಯುತ್ತೇವೆ. ಎರಡೂ ತಪ್ಪು.

ಮೊದಲು ಒಲೆ ತಣಿಯಬೇಕು

ಬೂದಿ ಒಳಗಿನ ಕಾವನ್ನು ಹೊರಗೆ ಬಿಡುವುದಿಲ್ಲ, ಹೊರಗಿನ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಅದರ ಅಡಿಗೆ ಸಿಕ್ಕಿದ ಕೆಂಡ ಬೇಗ ಆರುವುದೂ ಇಲ್ಲ, ಬೇಗ ಉರಿದು ಮುಗಿಯುವುದೂ ಇಲ್ಲ. ಹಿಂದೆಲ್ಲ ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿಟ್ಟು, ಬೆಳಿಗ್ಗೆ ಕೆದಕಿ, ಸಿಪ್ಪೆಯ ನಾರು ಇಟ್ಟು ಊದಿ ಬೆಂಕಿ ಮಾಡುತ್ತಿದ್ದರು. ಬೆಂಕಿಕಡ್ಡಿ ಉಳಿಸುವ ಉಪಾಯ ಅದು. ಬೂದಿ ತೆಗೆಯುವವರಿಗೆ ಅದೇ ಗುಣ ಅಪಾಯ. ಮೇಲೆ ಬೆಳ್ಳಗೆ, ತಣ್ಣಗೆ ಕಂಡರೂ ಒಳಗಿನ ಕೆಂಡ ಮೂರು ನಾಲ್ಕು ದಿನ ಆರದೆ ಇರಬಹುದು. ಗೆರಟೆ ಉರಿಸುವ ಮನೆಯವರು ಇನ್ನೂ ಹುಷಾರಾಗಿರಬೇಕು. ಗೆರಟೆಯ ಇದ್ದಿಲು ಗಟ್ಟಿ, ನಿಧಾನವಾಗಿ ಉರಿಯುತ್ತದೆ.

ದಿನಕ್ಕೆ ಎರಡು ಹೊತ್ತು ಉರಿಯುವ ಒಲೆ ಪೂರ್ತಿ ತಣಿಯುವುದೇ ಇಲ್ಲ, ಅಲ್ವಾ? ಹಾಗಾಗಿ ವಾರಕ್ಕೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಭಾನುವಾರ ಎಂದಿಟ್ಟುಕೊಳ್ಳೋಣ. ಶನಿವಾರ ಸಂಜೆ ಒಲೆ ಹೊತ್ತಿಸಬೇಡಿ. ಭಾನುವಾರ ಬೆಳಿಗ್ಗೆ ಹೊಸ ಬೆಂಕಿ ಹಾಕುವ ಮೊದಲು ಬೂದಿ ತೆಗೆಯಿರಿ. ಬೆಳಗಿನ ಹೊತ್ತೇ ಒಳ್ಳೆಯದು. ಮಧ್ಯಾಹ್ನದ ಹೊತ್ತಿಗೆ ನಮ್ಮಲ್ಲಿ ಕಡಲ ಗಾಳಿ ಶುರುವಾಗುತ್ತದೆ. ಆಗ ಡಬ್ಬ ಹೊರಗೆ ತಂದರೆ ಬೂದಿಯೂ ಹಾರುತ್ತದೆ, ಕಿಡಿಯೂ ಹಾರುತ್ತದೆ. ಫೆಬ್ರುವರಿಯಿಂದ ಮೇವರೆಗೆ ಅಂಗಳದ ತರಗೆಲೆ, ಬೈಹುಲ್ಲು ಎಲ್ಲ ಒಣಗಿ ಗರಿಗರಿಯಾಗಿರುತ್ತವೆ. ಒಂದು ಕಿಡಿ ಸಾಕು.

ವಾರದ ಮಧ್ಯೆಯೇ ಒಲೆ ಕಟ್ಟಿಕೊಂಡರೆ? ಹೊಗೆ ಒಲೆಬಾಯಿಯಿಂದ ವಾಪಸ್ ಬರುತ್ತಿದೆ, ಎಷ್ಟು ಊದಿದರೂ ಬೆಂಕಿ ಹಿಡಿಯುತ್ತಿಲ್ಲ ಎಂದರೆ ಬೂದಿ ಗಾಳಿಯ ದಾರಿ ಮುಚ್ಚಿದೆ ಎಂದರ್ಥ. ಆಗ ಬಾಯಿಯ ಹತ್ತಿರದ್ದನ್ನು ಮಾತ್ರ ಸ್ವಲ್ಪ ಗೋರಿ ತೆಗೆಯಿರಿ. ಪೂರ್ತಿ ಕೆಲಸ ಭಾನುವಾರಕ್ಕೇ ಇರಲಿ.

ಎರಡು ಡಬ್ಬ ಇಟ್ಟುಕೊಳ್ಳಿ

ಖಾಲಿಯಾದ 15 ಕೆ.ಜಿ. ಎಣ್ಣೆ ಡಬ್ಬದ ಮೇಲ್ಭಾಗ ಕತ್ತರಿಸಿದರೆ ಸಾಕು. ಅಂಥವು ಎರಡು ಬೇಕು. ಮುಚ್ಚಲು ತಗಡಿನ ತುಂಡು, ಗೋರಲು ಉದ್ದ ಹಿಡಿಯ ಕಬ್ಬಿಣದ ಸಟ್ಟುಗ, ಕೆದಕಲು ಒಂದು ಕಬ್ಬಿಣದ ಸರಳು. ಕೊನೆಯಲ್ಲಿ ಗುಡಿಸಲು ಮೋಟು ಹಿಡಿಸೂಡಿ. ಪ್ಲಾಸ್ಟಿಕ್ ಬಕೆಟ್, ಸಿಮೆಂಟ್ ಚೀಲ, ರಟ್ಟಿನ ಪೆಟ್ಟಿಗೆ, ಬುಟ್ಟಿ ಯಾವುದೂ ಬೇಡ. ಪಟ್ಟಣದ ಮನೆಯವರು ವ್ಯಾಕ್ಯೂಮ್ ಕ್ಲೀನರ್ ತರಲೇಬಾರದು. ಒಂದು ಸಣ್ಣ ಕೆಂಡ ಒಳಗೆ ಹೋದರೆ ಅದರ ಚೀಲಕ್ಕೇ ಬೆಂಕಿ ಹಿಡಿಯುತ್ತದೆ.

ಬಟ್ಟೆಯ ಬಗ್ಗೆಯೂ ಒಂದು ಮಾತು. ಪಾಲಿಯೆಸ್ಟರ್ ನೈಟಿ, ಇಳಿಬಿದ್ದ ಶಾಲು ಹಾಕಿಕೊಂಡು ಒಲೆಯ ಮುಂದೆ ಬಗ್ಗಬೇಡಿ. ಅದು ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಹತ್ತಿ ಬಟ್ಟೆ ಇರಲಿ. ಕಾಲಿಗೆ ಚಪ್ಪಲಿ, ಮೂಗು ಬಾಯಿಗೆ ಒಂದು ಬೈರಾಸು. ದಮ್ಮಿನ ತೊಂದರೆ ಇರುವವರು ಈ ಕೆಲಸವನ್ನು ಮನೆಯಲ್ಲಿ ಬೇರೆಯವರಿಗೆ ಬಿಡಲಿ.

ಈಗ ಶುರು. ಸರಳಿನಿಂದ ಬೂದಿಯನ್ನು ಅಡಿಯವರೆಗೆ ಒಮ್ಮೆ ಮೆಲ್ಲಗೆ ಕೆದಕಿ. ಕೆಂಪು ಕಂಡರೆ ಅಲ್ಲಿಗೇ ಬಿಟ್ಟು ಇನ್ನೂ ಸ್ವಲ್ಪ ಹೊತ್ತು ಕಾಯಿರಿ. ಕೈ ಹಾಕಿ ಬಿಸಿ ನೋಡಬೇಡಿ. ಕೈಯ ಹಿಂಭಾಗವನ್ನು ಬೂದಿಯ ಮೇಲೆ, ಒಂದು ಗೇಣು ಎತ್ತರದಲ್ಲಿ ಹಿಡಿದರೆ ಕಾವು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಆಮೇಲೆ ಬಾಯಿಯ ಹತ್ತಿರದಿಂದ ಒಳಕ್ಕೆ ಗೋರುತ್ತಾ ಹೋಗಿ. ಸಟ್ಟುಗವನ್ನು ಡಬ್ಬದ ತಳದವರೆಗೆ ಇಳಿಸಿ ಬೂದಿ ಜಾರಿಸಿ. ಮೇಲಿನಿಂದ ಸುರಿದರೆ ಅರ್ಧ ಬೂದಿ ನಿಮ್ಮ ಮುಖಕ್ಕೇ ಬರುತ್ತದೆ. ಸಿಕ್ಕಿದ ಕಪ್ಪು ಇದ್ದಿಲನ್ನು ಎಸೆಯಬೇಡಿ, ಒಲೆಯ ಮೂಲೆಗೆ ತಳ್ಳಿ. ಮುಂದಿನ ಬೆಂಕಿಗೆ ಅದು ಚೆನ್ನಾಗಿ ಹಿಡಿಯುತ್ತದೆ.

ಒಲೆಯನ್ನು ಪೂರ್ತಿ ಬರಿದು ಮಾಡಬೇಡಿ. ಮಣ್ಣಿನ ಒಲೆಯಲ್ಲಿ ತಳಕ್ಕೆ ಎರಡು ಮೂರು ಸೆಂಟಿಮೀಟರ್ ಬೂದಿ ಇದ್ದರೆ ಕಾವು ನೆಲಕ್ಕೆ ಇಳಿಯುವುದಿಲ್ಲ, ಹೊಸ ಬೆಂಕಿಯೂ ಬೇಗ ಹಿಡಿಯುತ್ತದೆ. ಆದರೆ ಸೌದೆಯ ಕೆಳಗೆ ಕಬ್ಬಿಣದ ಜಾಲರಿ ಇರುವ ಒಲೆಯ ಕತೆ ಬೇರೆ. ಅಲ್ಲಿ ಗಾಳಿ ಬರುವುದೇ ಕೆಳಗಿನಿಂದ. ಬೂದಿ ಏರಿ ಜಾಲರಿಗೆ ತಾಗಿದರೆ ಗಾಳಿ ನಿಲ್ಲುತ್ತದೆ, ಕಾವು ಕೂತು ಜಾಲರಿಯೂ ಬಗ್ಗುತ್ತದೆ. ಅದರ ಅಡಿಯನ್ನು ಪೂರ್ತಿ ಖಾಲಿ ಮಾಡಿ.

ಇನ್ನು ಡಬ್ಬ ಇಡುವ ಜಾಗ. ಮುಚ್ಚಿ ಹೊರಗೆ ತನ್ನಿ. ಮನೆಯ ಗೋಡೆಯಿಂದ, ಸೌದೆ ಕೊಟ್ಟಿಗೆಯಿಂದ, ಹಟ್ಟಿಯಿಂದ ದೂರ, ಒಂದು ಕೆಂಪು ಕಲ್ಲಿನ ಮೇಲೆ ಇಡಿ. ಚಳಿ ಎಂದೋ ಮಳೆ ಎಂದೋ ಕೋಣೆಯ ಒಳಗೆ ಇಡಲೇಬೇಡಿ. ಆರದ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆ ಇಲ್ಲ, ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುತ್ತದೆ. ಮಳೆಗಾಲದಲ್ಲಿ ಡಬ್ಬದ ಮೇಲೆ ತಗಡು ಸರಿಯಾಗಿ ಹೊದಿಸಿ, ಹಾರದಂತೆ ಕಲ್ಲು ಹೇರಿ.

ಎರಡನೇ ಡಬ್ಬ ಯಾಕೆ ಎಂದರೆ, ಈ ಭಾನುವಾರ ತುಂಬಿದ್ದನ್ನು ಮುಂದಿನ ಭಾನುವಾರದವರೆಗೆ ಮುಟ್ಟುವುದೇ ಬೇಡ. ಅಷ್ಟರಲ್ಲಿ ಯಾವ ಕೆಂಡವೂ ಉಳಿದಿರುವುದಿಲ್ಲ. ಇದೊಂದು ಅಭ್ಯಾಸ ಮಾಡಿಕೊಂಡರೆ ಉಳಿದದ್ದು ಅರ್ಧ ತಪ್ಪಿದರೂ ನಡೆಯುತ್ತದೆ.

"ಇಷ್ಟೆಲ್ಲ ಯಾಕೆ, ಒಂದು ಚೆಂಬು ನೀರು ಹಾಕಿದರೆ ಆಯ್ತಲ್ಲ" ಎಂದು ಕೇಳುವವರು ಇದ್ದಾರೆ. ಬಿಸಿ ಬೂದಿಗೆ ನೀರು ಬಿದ್ದರೆ ಆವಿ ಎದ್ದು ಬೂದಿ ಸಮೇತ ಮುಖಕ್ಕೆ ಹಾರುತ್ತದೆ. ಕಾದ ಮಣ್ಣಿನ ಒಲೆ ಬಿರಿಯುತ್ತದೆ. ಬೂದಿನೀರು ಕ್ಷಾರ, ಕಣ್ಣಿಗೆ ಬಿದ್ದರೆ ಬಹಳ ಉರಿ. ಬಿದ್ದರೆ ತಕ್ಷಣ ತಣ್ಣೀರಿನಿಂದ ತೊಳೆಯುತ್ತಲೇ ಇರಿ, ಆಮೇಲೆ ವೈದ್ಯರ ಹತ್ತಿರ ಹೋಗಿ. ಕೆಂಡ ತಾಗಿ ಸುಟ್ಟರೂ ಅಷ್ಟೇ, 20 ನಿಮಿಷ ಹರಿಯುವ ನೀರಿಗೆ ಹಿಡಿಯಿರಿ. ಟೂತ್‌ಪೇಸ್ಟ್ ಹಚ್ಚಬೇಡಿ.

ತೋಟಕ್ಕೆ ಹಾಕುವ ಮುನ್ನ

ಒಲೆಗೆ ಏನು ಹಾಕಿದ್ದೀರಿ ಎಂದು ಮೊದಲು ನಿಮ್ಮನ್ನೇ ಕೇಳಿಕೊಳ್ಳಿ. ಬೆಂಕಿ ಬೇಗ ಹಿಡಿಯಲಿ ಎಂದು ಹಾಲಿನ ತೊಟ್ಟೆ ತುರುಕುವುದು, ಬಣ್ಣ ಬಳಿದ ಹಲಗೆ, ಪ್ಲೈವುಡ್ ಉರಿಸುವುದು ನಮ್ಮಲ್ಲಿ ಬಹಳ. ಆ ಬೂದಿಯಲ್ಲಿ ವಿಷ ಇರುತ್ತದೆ. ಅದು ತರಕಾರಿಗೂ ಬೇಡ, ಪಾತ್ರೆಗೂ ಬೇಡ. ಅದರ ಹೊಗೆಯನ್ನು ನೀವೇ ಕುಡಿಯುತ್ತೀರಿ. ದಯವಿಟ್ಟು ನಿಲ್ಲಿಸಿ.

ಬರೀ ಸೌದೆ, ಮಡಲು, ಸಿಪ್ಪೆಯ ಬೂದಿ ಆದರೆ ಅದು ಚಿನ್ನ. ಉರಿಯುವಾಗ ಸಾರಜನಕ ಹಾರಿಹೋಗುತ್ತದೆ, ಸುಣ್ಣ ಮತ್ತು ಪೊಟ್ಯಾಷ್ ಉಳಿಯುತ್ತವೆ. ತೆಂಗಿನ ಸಿಪ್ಪೆಯ ಬೂದಿಯಲ್ಲಂತೂ ಪೊಟ್ಯಾಷ್ ತುಂಬ ಜಾಸ್ತಿ. ನಮ್ಮ ಕರಾವಳಿಯ ಕೆಂಪು ಮುರ ಮಣ್ಣು ಮಳೆಗೆ ತೊಳೆದು ತೊಳೆದು ಹುಳಿಯಾಗಿರುತ್ತದೆ. ಅದಕ್ಕೆ ಬೇಕಾದದ್ದು ಇದೇ ಎರಡು. ತೆಂಗಿನ ಮರಕ್ಕೆ ಬೇಕಾದದ್ದನ್ನೇ ನೋಡಿ. ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಹೇಳುವ ಲೆಕ್ಕದಲ್ಲಿ ಒಂದು ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಕೊಡಬೇಕು. ಬೂದಿಯೊಂದರಿಂದಲೇ ಅಷ್ಟೂ ಸಿಗುವುದಿಲ್ಲ. ಆದರೆ ಪೇಟೆಯಿಂದ ತರುವ ಪೊಟ್ಯಾಷ್ ಅಷ್ಟರ ಮಟ್ಟಿಗೆ ಉಳಿಯುತ್ತದೆ.

ಹಾಕುವ ಸಮಯ ಮುಖ್ಯ. ಪೊಟ್ಯಾಷ್ ನೀರಿನಲ್ಲಿ ಕರಗುತ್ತದೆ. ಜೂನ್, ಜುಲೈಯ ಜಡಿಮಳೆಗೆ ಹಾಕಿದರೆ ಎಲ್ಲ ತೋಡಿಗೆ ಹೋಗುತ್ತದೆ. ಮಳೆಗಾಲದ ಬೂದಿಯನ್ನು ಒಣ ಜಾಗದಲ್ಲಿ ಕೂಡಿಟ್ಟು, ಮಳೆ ಇಳಿದ ಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹಾಕಿ. ಕಾಂಡಕ್ಕೆ ತಾಗಿಸಿ ರಾಶಿ ಮಾಡಬೇಡಿ. ಬುಡ ಬಿಟ್ಟು ಕಟ್ಟೆಯ ಸುತ್ತ ತೆಳುವಾಗಿ ಹರಡಿ ಮಣ್ಣಿಗೆ ಬೆರೆಸಿ. ಬಸಳೆ, ಹರಿವೆ, ಬದನೆಯ ಸಾಲಿಗಾದರೆ ಹತ್ತು ಚದರ ಮೀಟರ್ ಜಾಗಕ್ಕೆ ವರ್ಷಕ್ಕೆ ಒಂದು ಕೆ.ಜಿ. ದಾಟದಿರಲಿ. ಸುಣ್ಣ ಹಾಕಿದ ವರ್ಷ ಬೂದಿ ಬೇಡ. ಯೂರಿಯಾ ಜೊತೆ, ಹಸಿ ಕೋಳಿಗೊಬ್ಬರದ ಜೊತೆ ಬೆರೆಸಲೂಬೇಡಿ. ಅದರ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ದುಡ್ಡು ಕೊಟ್ಟ ಗೊಬ್ಬರ ಸುಮ್ನೆ ಹಾಳು.

ಅಲಸಂಡೆಗೆ ಕಪ್ಪು ಹೇನು ಹತ್ತಿದರೆ ಬೆಳಿಗ್ಗೆ ಎಲೆ ಮಂಜಿಗೆ ಒದ್ದೆಯಾಗಿರುವಾಗ ಜರಡಿ ಹಿಡಿದ ಬೂದಿ ಎರಚುವುದು ನಮ್ಮ ಹಳೆಯ ರೂಢಿ. ಪಾತ್ರೆ ತಿಕ್ಕಲೂ ಜರಡಿ ಹಿಡಿದ ಬೂದಿಯೇ ಬೇಕು, ಇಲ್ಲದಿದ್ದರೆ ಮರಳಿನ ಹರಳು ಗೀರು ಹಾಕುತ್ತದೆ. ಸ್ಟೀಲ್, ಹಿತ್ತಾಳೆ ಸರಿ. ಅಲ್ಯೂಮಿನಿಯಂ ಬೇಡ, ಒದ್ದೆ ಬೂದಿ ಅದನ್ನು ತಿನ್ನುತ್ತದೆ.

ವರ್ಷಕ್ಕೊಮ್ಮೆಯ ದೊಡ್ಡ ಕೆಲಸಕ್ಕೆ ದೀಪಾವಳಿಯೇ ಸರಿಯಾದ ಹೊತ್ತು. ನೀರು ತುಂಬುವ ಹಬ್ಬಕ್ಕೆ ಹೇಗೂ ಹಂಡೆ ಇಳಿಸಿ ತೊಳೆಯುತ್ತೀರಿ. ಆ ದಿನ ಒಲೆಯ ಅಡಿಯ ಹಳೆ ಬೂದಿಯನ್ನೂ ಪೂರ್ತಿ ತೆಗೆಯಿರಿ. ಬಿರುಕು ಇದ್ದಲ್ಲಿ ಜೇಡಿ ಮಣ್ಣು ಮೆತ್ತಿ. ಮಾಡಿನ ಇಲ್ಲಣ ಗುಡಿಸಿ. ಹೊಗೆ ಕೊಳವೆ ಇದ್ದರೆ ಅದರೊಳಗಿನ ಮಸಿ ಕೆರೆದು ಬೀಳಿಸಿ. ಮಸಿಗೂ ಬೆಂಕಿ ಹಿಡಿಯುತ್ತದೆ. ಮೆತ್ತಿದ ಮಣ್ಣು ಒಣಗುವವರೆಗೆ ದೊಡ್ಡ ಬೆಂಕಿ ಹಾಕಬೇಡಿ. ಹಂಡೆಯನ್ನು ಮತ್ತೆ ಕೂರಿಸುವ ಮೊದಲು ಅದರ ಹೊರಗೆ ಬೂದಿ ಕಲಸಿದ ಮಣ್ಣಿನ ತೆಳು ಲೇಪ ಕೊಟ್ಟರೆ ಮುಂದಿನ ವರ್ಷ ಮಸಿ ತಿಕ್ಕುವ ಕೆಲಸ ಸಲೀಸು.