ನಾತದ ಹುಳವನ್ನು ಹೊಸಕಬೇಡಿ, ಬೀಳಿಸಿ

ಮಳೆಗಾಲ ಮುಗಿಯುತ್ತಾ ಬಂತೆಂದರೆ ನಮ್ಮ ಧಾರವಾಡದ ಮನೆಯ ಪಡಸಾಲೆಯಲ್ಲಿ ಟ್ಯೂಬ್‌ಲೈಟ್ ಹಚ್ಚೋದೇ ತಡ, ಟಪ್ ಟಪ್ ಅಂತ ಹಸಿರು ಹುಳ ಬಂದು ಬಡಿಯುತ್ತವೆ. ಮೊನ್ನೆ ಒಂದು ಸೀದಾ ಝುಣಕದ ತಾಟಿಗೇ ಬಿತ್ತು. ಮೊಮ್ಮಗ ರೊಟ್ಟಿ ಹಿಡಿದ ಕೈಯಿಂದಲೇ ಒತ್ತಿಬಿಟ್ಟ. ಎರಡು ಸಲ ಸಾಬೂನು ಹಚ್ಚಿ ತೊಳೆದರೂ ಬೆರಳು ಮೂಸಿ ಮೂಸಿ ಮುಖ ಸಿಂಡರಿಸುತ್ತಿದ್ದ. ಊಟ ಅಲ್ಲಿಗೇ ಮುಗಿಯಿತು.

ಇದನ್ನು ಹಸಿರು ತಿಗಣೆ ಅಂತಾರೆ. ತಿಗಣೆ ಅಂದಕೂಡಲೇ ಹಾಸಿಗೆ ಎತ್ತಿ ಬಿಸಿಲಿಗೆ ಹಾಕಬೇಡಿ, ಇದು ರಕ್ತ ಕುಡಿಯುವುದಲ್ಲ. ಸೂಜಿಯಂಥ ಸೊಂಡಿಲು ಇದೆ, ಅದು ಹೆಸರು, ಅಲಸಂದಿ, ಸೋಯಾ, ತೊಗರಿಯ ಎಳೆಕಾಯಿ ಚುಚ್ಚಿ ರಸ ಹೀರಲಿಕ್ಕೆ. ಹೊಲದಲ್ಲಿ ಹೆಸರು ಕಿತ್ತ ಮೇಲೆ ಬೇರೆ ಹಸಿರು ಹುಡುಕುತ್ತಾ ಹೊರಡುತ್ತದೆ, ದಾರಿಯಲ್ಲಿ ದೀಪ ಕಂಡು ಒಳಗೆ ಬರುತ್ತದೆ, ಅಷ್ಟೇ. ಡಬ್ಬಿಯೊಳಗಿನ ಬೇಳೆಗೆ ಏನೂ ಮಾಡುವುದಿಲ್ಲ. ಅಮೆರಿಕದವರು ಗೋಳಾಡುವ ಕಂದು ಜಾತಿ ಬೇರೆ. ಅದು ಪೂರ್ವ ಏಷ್ಯಾದಿಂದ ಅಲ್ಲಿಗೆ ಹೋದದ್ದು, ಚಳಿಗಾಲ ಕಳೆಯಲು ಮನೆಯ ಸಂದಿಗಳಲ್ಲಿ ಗುಂಪುಗಟ್ಟಿ ಕೂಡುತ್ತದೆ.

ನಾತ ಬರುವುದು ಎದೆಯ ಕೆಳಗಿಂದ. ನಡುಕಾಲು ಹಿಂಗಾಲುಗಳ ಮಧ್ಯೆ ಎರಡೂ ಬದಿಗೆ ಸಣ್ಣ ತೂತು ಇರುತ್ತವೆ, ಹೆದರಿದರೆ ಅಲ್ಲಿಂದ ರಸ ಬಿಡುತ್ತದೆ. ಸ್ವಲ್ಪ ಕೊತ್ತಂಬರಿ ಸೊಪ್ಪಿನ ವಾಸನೆ ಹೊಡೆಯುತ್ತೆ ಅಲ್ವಾ? ಸುಳ್ಳಲ್ಲ, ಆಲ್ಡಿಹೈಡ್ ಅನ್ನುವ ಒಂದೇ ಬಗೆಯ ವಸ್ತು ಎರಡರಲ್ಲೂ ಇದೆ. ಅದಕ್ಕೇ ಹೊಸಕಬೇಡಿ, ಪೊರಕೆಯಿಂದ ಬಡಿಯಬೇಡಿ, ಸುಣ್ಣದ ಗೋಡೆಗೆ ಕಲೆಯೂ ಉಳಿಯುತ್ತದೆ. ಕಣ್ಣಿಗೆ ಸಿಡಿದರೆ ಉಜ್ಜದೆ ತಣ್ಣೀರಿನಲ್ಲಿ ತೊಳೆಯಿರಿ.

ಹೆದರಿದಾಗ ಇದಕ್ಕೆ ಇನ್ನೊಂದು ಚಾಳಿ ಇದೆ, ಹಿಡಿತ ಬಿಟ್ಟು ಕೆಳಗೆ ಬೀಳುವುದು. ನಾನು ಮಾಡುವುದು ಇಷ್ಟೇ, ಹಳೆ ಬೋಗುಣಿಯಲ್ಲಿ ನೀರು ಹಾಕಿ ಪಾತ್ರೆ ತೊಳೆಯುವ ಸಾಬೂನು ಕದಡಿ, ಹುಳದ ಕೆಳಗೆ ಹಿಡಿದು, ಮೇಲಿಂದ ಒಂದು ರಟ್ಟಿನ ತುಂಡು ತೋರಿಸುತ್ತೇನೆ. ತಾನೇ ಬೀಳುತ್ತದೆ. ಬರೀ ನೀರಾದರೆ ತೇಲಿ ಎದ್ದು ಹೋಗುತ್ತದೆ, ಸಾಬೂನು ಇದ್ದರೆ ಮೈ ನೆನೆದು ಮುಳುಗುತ್ತದೆ. ಹಿತ್ತಲಲ್ಲಾದರೆ ಬೆಳಿಗ್ಗೆ ಇಬ್ಬನಿ ಆರುವ ಮುಂಚೆಯೇ ಹೋಗಿ, ತಂಪಿಗೆ ಮಂಕಾಗಿ ಕೂತಿರುತ್ತವೆ. ಕಿಟಕಿಗೆ ಜಾಳಿಗೆ ಹಾಕಿಸಿ, ಹೊರಗಿನ ಬಿಳಿ ಬಲ್ಬ್ ತೆಗೆದು ಹಳದಿ ಹಾಕಿದರೆ ಬರುವುದೇ ಕಡಿಮೆ.

ಅವರೆ ಬಳ್ಳಿ ಇದ್ದವರು ಎಲೆಯ ಅಡಿ ನೋಡಬೇಕು. ಪುಟ್ಟ ಪೀಪಾಯಿಗಳನ್ನು ಸಾಲಾಗಿ ಅಂಟಿಸಿಟ್ಟಂತೆ ಕೆನೆಬಣ್ಣದ ಮೊಟ್ಟೆ ಇರುತ್ತವೆ, ಒಂದೇ ಗುಂಪಿನಲ್ಲಿ ಐವತ್ತು, ಅರವತ್ತು, ಕೆಲವು ಸಲ ಇನ್ನೂ ಜಾಸ್ತಿ. ಎಲೆ ಸಮೇತ ಕಿತ್ತು ಸಾಬೂನು ನೀರಿಗೆ ಹಾಕಿ. ಆದರೆ ಮೊಟ್ಟೆ ಕಪ್ಪಾಗಿದ್ದರೆ ಮುಟ್ಟಬೇಡಿ. ಅದರೊಳಗೆ ಇರುವೆಗಿಂತ ಸಣ್ಣ ಕಣಜ ತನ್ನ ಮೊಟ್ಟೆ ಇಟ್ಟಿರುತ್ತದೆ, ಅಲ್ಲಿಂದ ಹೊರಬರುವುದು ನಮ್ಮ ಕಡೆಯವರೇ. ಇದು ಗೊತ್ತಿಲ್ಲದೆ ಎಷ್ಟು ವರ್ಷ ಎಲ್ಲವನ್ನೂ ಹೊಸಕಿ ಹಾಕಿದ್ದೇನೋ ನಾನು!

ಮರಿಗಳು ಕಪ್ಪು ಮೈ ಮೇಲೆ ಬಿಳಿ, ಕೆಂಪು ಚುಕ್ಕೆ ಇಟ್ಟುಕೊಂಡು ಗುಲಗಂಜಿ ಹುಳದಂತೆ ಕಾಣುತ್ತವೆ, ಐದು ಸಲ ಪೊರೆ ಕಳಚಿದ ಮೇಲೇ ರೆಕ್ಕೆ ಬರುವುದು. ಗುಲಗಂಜಿ ಹುಳ ಸಸಿಹೇನು ತಿನ್ನುವ ಒಳ್ಳೆಯದು. ಅದರ ಬೆನ್ನು ಗುಂಡಗೆ ಉಬ್ಬಿರುತ್ತದೆ, ಇದು ಚಪ್ಪಟೆ. ಬೇವಿನೆಣ್ಣೆ ಸಿಂಪಡಿಸುವುದಿದ್ದರೆ ಮರಿ ಇದ್ದಾಗಲೇ, ದೊಡ್ಡವಕ್ಕೆ ಅಷ್ಟಾಗಿ ತಾಗುವುದಿಲ್ಲ. ಇದರ ಬಳಗದ್ದೇ ಆದ ಇನ್ನೊಂದು ಜಾತಿಯ ಕಂದು ಹುಳ ಕೀಡಿಯನ್ನು ಸೊಂಡಿಲಿಗೆ ಚುಚ್ಚಿಕೊಂಡು ಕೂತದ್ದು ಕಂಡರೆ ಮಾತ್ರ ಸುಮ್ನೆ ಬಿಟ್ಟುಬಿಡಿ, ಅದು ತೊಗರಿ ಕಾಯುತ್ತಿದೆ.