ಟ್ರಾನ್ಸ್‌ಫಾರ್ಮರ್ ಚಾಲೂ ಮಾಡುವ ಮುನ್ನ ಕೇಬಲ್ ಅಳೆಯಿರಿ

ಸಿಡಿಲಿಲ್ಲದ ದಿನ, ಹೊರೆಯೂ ಇಲ್ಲದ ಹೊತ್ತಿನಲ್ಲಿ, ಬ್ರೇಕರ್ ಹಾಕಿದ ಗಳಿಗೆಗೇ ಟ್ರಾನ್ಸ್‌ಫಾರ್ಮರಿನ ಸುರುಳಿ ಸುಟ್ಟು, ಪಕ್ಕದ ಲೈಟ್ನಿಂಗ್ ಅರೆಸ್ಟರ್ (ಮಿತಿಮೀರಿದ ವೋಲ್ಟೇಜನ್ನು ನೆಲಕ್ಕಿಳಿಸುವ ಸಾಧನ) ಮಾತ್ರ ಏನೂ ನಡೆದಿಲ್ಲವೆಂಬಂತೆ ಉಳಿದಿದ್ದರೆ, ಟ್ರಾನ್ಸ್‌ಫಾರ್ಮರಿಗೆ ವಿದ್ಯುತ್ ಉಣಿಸುವ ಕೇಬಲಿನ ಉದ್ದವನ್ನೂ ಅನುಮಾನಿಸಬೇಕು.

ಬ್ರೇಕರ್ ಹಾಕಿದಾಗ ಹೊರಟ ವೋಲ್ಟೇಜ್ ಅಲೆ ಎಕ್ಸ್‌ಎಲ್‌ಪಿಇ (ಒಂದು ಬಗೆಯ ಪ್ಲಾಸ್ಟಿಕ್ ನಿರೋಧಕ ಹೊದಿಕೆಯ) ಕೇಬಲಿನಲ್ಲಿ ಮೈಕ್ರೊಸೆಕೆಂಡಿಗೆ ಸುಮಾರು 170 ಮೀಟರ್ ಓಡಿ, ಟ್ರಾನ್ಸ್‌ಫಾರ್ಮರ್ ತುದಿಯಲ್ಲಿ ವೋಲ್ಟೇಜನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿ ಹಿಂದಿರುಗುತ್ತದೆ; ಬ್ರೇಕರ್ ಬದಿಯ ಬಸ್‌ಬಾರಿಗೆ, ಅಂದರೆ ಕೇಬಲ್‌ಗಳೆಲ್ಲ ಸೇರುವ ಲೋಹದ ಪಟ್ಟಿಗೆ, ಬೇರೆ ಕೇಬಲ್‌ಗಳೂ ಕೂಡಿದ್ದರೆ ಅಲ್ಲಿ ತಲೆಕೆಳಗಾಗಿ ಮತ್ತೆ ಬರುತ್ತದೆ. ಹೀಗೆ ನಾಲ್ಕು ಓಟಕ್ಕೆ ಒಂದು ಆವರ್ತ.

ಆದ್ದರಿಂದ ಮೊದಲ ಕೆಲಸ, ವೇಗವನ್ನು ಉದ್ದದ ನಾಲ್ಕರಷ್ಟರಿಂದ ಭಾಗಿಸಿ ಕೇಬಲಿನ ಆವರ್ತನ ಕಂಡುಕೊಳ್ಳುವುದು: 200 ಮೀಟರಿಗೆ ಸುಮಾರು 212 ಕಿಲೋಹರ್ಟ್ಸ್, 1 ಕಿಲೋಮೀಟರಿಗೆ 42.5. ನಕ್ಷೆಯ ಉದ್ದವನ್ನು ನಂಬಬೇಡಿ. ಗುಂಡಿಯಲ್ಲಿ ಸುತ್ತಿಟ್ಟ 10 ಮೀಟರ್ ಹೆಚ್ಚುವರಿ ಕೇಬಲ್ಲೇ 212ನ್ನು 202ಕ್ಕೆ ಇಳಿಸುತ್ತದೆ.

ಎರಡನೆಯದಾಗಿ, ಟ್ರಾನ್ಸ್‌ಫಾರ್ಮರಿನ ಎಲ್‌ಟಿ (ಕಡಿಮೆ ವೋಲ್ಟೇಜಿನ) ಬದಿಯನ್ನು ತೆರೆದಿಟ್ಟು, ಎಚ್‌ಟಿ (ಹೆಚ್ಚು ವೋಲ್ಟೇಜಿನ) ಬದಿಗೆ ಕೆಲವೇ ವೋಲ್ಟಿನ ಸಂಕೇತವನ್ನು ಬೇರೆ ಬೇರೆ ಆವರ್ತನಗಳಲ್ಲಿ ಕೊಟ್ಟು, ಎಲ್‌ಟಿಯಲ್ಲಿ ಎಷ್ಟು ವೋಲ್ಟೇಜ್ ಬರುತ್ತದೆಂದು ರೇಖೆಯಾಗಿ ಗುರುತಿಸಬೇಕು. 11 ಕೆವಿ (ಕಿಲೋವೋಲ್ಟ್) / 433 ವೋಲ್ಟಿನ ಟ್ರಾನ್ಸ್‌ಫಾರ್ಮರಿನಲ್ಲಿ 50 ಹರ್ಟ್ಸ್‌ಗೆ ಸಿಗುವ 25ಕ್ಕೆ 1ರ ಲೆಕ್ಕ ಇಷ್ಟು ಎತ್ತರದ ಆವರ್ತನಗಳಲ್ಲಿ ಉಳಿಯುವುದಿಲ್ಲ. ಸುರುಳಿಯ ಸ್ವಂತ ಆವರ್ತನದಲ್ಲಿ ರೇಖೆ ಗುಡ್ಡದಂತೆ ಏಳುತ್ತದೆ. ಕೇಬಲಿನ ಆವರ್ತನ ಆ ಗುಡ್ಡದ ಮೇಲೋ ಆಸುಪಾಸಿನಲ್ಲೋ ಬಿದ್ದರೆ, ಅನುರಣನಕ್ಕೆ, ಅಂದರೆ ಎರಡೂ ತಾಳ ಕೂಡಿ ವೋಲ್ಟೇಜ್ ಬೆಳೆಯುವುದಕ್ಕೆ, ದಾರಿಯಾಯಿತು.

ಅರೆಸ್ಟರ್ ಏಕೆ ಸುಮ್ಮನಿರುತ್ತದೆ? 11 ಕೆವಿ ವ್ಯವಸ್ಥೆಯಲ್ಲಿ ಫೇಸಿನ ಗರಿಷ್ಠ ಮೌಲ್ಯ ಸುಮಾರು 9 ಕೆವಿ. ತುದಿಯಲ್ಲಿ ಅದು 18 ಆದರೂ ಅರೆಸ್ಟರಿಗೆ ಎಚ್ಚರವಾಗುವಷ್ಟು ಅಲ್ಲ. ಅಪಾಯ ಬೆಳೆಯುವುದು ಸುರುಳಿಯ ಒಳಗೆ ಮತ್ತು ಎಲ್‌ಟಿ ತುದಿಯಲ್ಲಿ.

ಪರಿಹಾರದಲ್ಲಿ ಉದ್ದ ಬದಲಿಸುವುದು ಕಾಗದದ ಮೇಲಷ್ಟೇ ಸುಲಭ. ನನ್ನ ಮಟ್ಟಿಗೆ, ಎಚ್‌ಟಿ ತುದಿಯಲ್ಲಿ ಕೇಬಲಿನ ಅಲೆ-ಪ್ರತಿರೋಧಕ್ಕೆ, ಅಂದರೆ 30ರಿಂದ 50 ಓಮ್‌ಗೆ, ಹೊಂದಿ ಅಲೆಯನ್ನು ಹಿಂದಿರುಗಗೊಡದೆ ಹೀರುವ ರೆಸಿಸ್ಟರ್-ಕೆಪಾಸಿಟರ್ ಜೋಡಿ ಹೆಚ್ಚು ನಂಬಲರ್ಹ. ಎಲ್‌ಟಿ ಬದಿಯಲ್ಲೂ ಅರೆಸ್ಟರ್ ಇರಲಿ. ವೋಲ್ಟೇಜ್ ಸೊನ್ನೆಯಾಗಿರುವ ಕ್ಷಣಕ್ಕೆ ಬ್ರೇಕರ್ ಹಾಕಿದರೆ ಅಲೆಯೇನೋ ಏಳದು, ಆದರೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಗರ್ಭ ಕಾಂತತೆಯಿಂದ ತುಂಬಿ ನುಗ್ಗುವ ಇನ್‌ರಶ್ ಪ್ರವಾಹ ಅದೇ ಕ್ಷಣದಲ್ಲಿ ಅತಿ ಹೆಚ್ಚು. ಎರಡರಲ್ಲಿ ಯಾವುದನ್ನು ತಾಳಬಲ್ಲಿರೆಂದು ಮೊದಲೇ ಲೆಕ್ಕ ಹಾಕಿಕೊಳ್ಳಬೇಕು.